ಹ್ಯಾನೋವರಿನಲ್ಲಿ ವನ್ಸ್ ಮೋರ್

ಜರ್ಮನಿಯ ಈ ಊರಿಗೆ ಬಂದಿಳಿದ ಮೊದಲ ಸಂಜೆಯೇ, ತಾತ್ಕಾಲಿಕವಾಗಿ ಸಿಕ್ಕ ಕೋಣೆಯಲ್ಲಿ ನಾನು ಟಿವಿ ಹಚ್ಚಿದೆ. ಸೂಟ್‌ಕೇಸುಗಳನ್ನು ಇನ್ನೂ ಬಿಚ್ಚಿರಲಿಲ್ಲ. ಪರದೆಯ ಮೇಲೆ ಇಂಗ್ಲೆಂಡಿನ ಯಾವುದೋ ಸಮುದ್ರದ ದಂಡೆಯ ಊರು. ಜಿಟಿಜಿಟಿ ಮಳೆ, ಚಹದ ಕೆಟಲಿ, ಉಣ್ಣೆಯ ಸ್ವೆಟರು ತೊಟ್ಟ ಒಬ್ಬ ಮುದುಕಿ. ಜರ್ಮನ್ ಬಾರದಿದ್ದರೇನಾಯಿತು, ಇದಾದರೂ ಇಂಗ್ಲಿಷಿನದು, ಅಷ್ಟಿಷ್ಟು ತಿಳಿದೀತು ಎಂದು ನೆಲಕ್ಕೆ ಚಾಪೆ ಹಾಸಿ ಕುಳಿತೆ. ಮುದುಕಿ ಬಾಯಿ ತೆರೆದಳು. ಬಂದದ್ದು ಜರ್ಮನ್. ಅವಳ ತುಟಿ ಮುಚ್ಚಿದ ಮೇಲೂ ಮಾತು ಒಂದಿಷ್ಟು ಹೊತ್ತು ಬರುತ್ತಲೇ ಇತ್ತು. ದೆವ್ವ ಹೊಕ್ಕವರನ್ನು ನಾನು ಕಂಡಿದ್ದೇನೆ. ಆದರೆ ಊರಿಗೆ ಊರೇ ದೆವ್ವ ಹೊಕ್ಕು ತಣ್ಣಗೆ ಕುಳಿತು ಚಹ ಕುಡಿಯುವುದನ್ನು ಕಂಡದ್ದು ಅಂದೇ.

"ರೀ, ಈ ಮುದುಕಿಗೆ ಏನಾಗೈತ್ರಿ?" ಎಂದು ಗಂಡನನ್ನು ಕರೆದೆ.

ವೀರೇಶ ಸೂಟ್‌ಕೇಸಿನೊಳಗಿಂದ ಜೋಳದ ಹಿಟ್ಟಿನ ಪಾಕೀಟು ಹೊರತೆಗೆಯುತ್ತಿದ್ದರು. "ಇಲ್ಲೆ ಎಲ್ಲಾ ಡಬ್ ಮಾಡ್ತಾರ. ರೂಢಿ ಆಕ್ಕೈತಿ ಬಿಡು," ಎಂದರು.

ರೂಢಿಯಾಗಲಿಲ್ಲ. ವರ್ಷಗಳು ಕಳೆದವು. ಇಲ್ಲಿನ ಚಳಿ ರೂಢಿಯಾಯಿತು, ಬಾಯಿಗೆ ಹಾಕಿದರೆ ದವಡೆ ನೋಯಿಸುವ ಕಪ್ಪು ಬ್ರೆಡ್ಡು ರೂಢಿಯಾಯಿತು, ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿ ಊರಿಗೆ ಊರೇ ಸೂತಕ ಹಿಡಿದಂತೆ ಕೂರುವುದೂ ರೂಢಿಯಾಯಿತು. ಒಬ್ಬರ ಬಾಯಿಗೆ ಇನ್ನೊಬ್ಬರ ದನಿ ತುರುಕುವುದು ಮಾತ್ರ ಆಗಲಿಲ್ಲ. ನಮ್ಮಲ್ಲಿ ಡಬ್ಬಿಂಗ್ ಬೇಡವೆಂದು ನಟರು ಬೀದಿಗಿಳಿದು ಕೂಗಿದ್ದು ನಿಮಗೆ ನೆನಪಿದ್ದೀತು. ಈಗ ಅಲ್ಲಿಯೂ ಅದೆಲ್ಲ ಸಡಿಲಾಗಿದೆಯೆಂದು ಕೇಳಿದ್ದೇನೆ. ಇಲ್ಲಿ ಅಂಥ ಕೂಗು ಯಾರಿಗೂ ಅರ್ಥವೇ ಆಗದು. ಹೊರದೇಶದ ಪ್ರಸಿದ್ಧ ನಟನೊಬ್ಬನಿಗೆ ಇಲ್ಲಿ ಕಾಯಂ ಒಂದು ಜರ್ಮನ್ ದನಿ ಇರುತ್ತದೆ. ಆ ದನಿಯವನು ತೀರಿಕೊಂಡರೆ ನಟನೇ ಸತ್ತಂತೆ ಜನ ಮರುಗುತ್ತಾರೆ.

ನನಗೇಕೆ ಇದರ ಮೇಲೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ನಾನು ದನಿಯಿಂದ ಅನ್ನ ತಿಂದವಳು. ಗದಗ ಕಡೆಯವಳು, ಬೆಳೆದದ್ದು ನಾಟಕ ಕಂಪನಿಯಲ್ಲಿ. ಅಪ್ಪ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವನು. ಅವ್ವ ಪಾತ್ರಧಾರಿ. ನಾನು ಲಂಗ ಉಡುವ ವಯಸ್ಸಿನಿಂದ ಮದುವೆಯಾಗುವವರೆಗೂ ಹಾಸ್ಯ ಪಾತ್ರ ಮಾಡಿದೆ. ತಗಡಿನ ಥಿಯೇಟರಿನಲ್ಲಿ ಕಟ್ಟಕಡೆಯ ಸಾಲಿನಲ್ಲಿ ಶೇಂಗಾ ಸುಲಿಯುತ್ತ ಕುಳಿತವನಿಗೂ ಮಾತು ಮುಟ್ಟಬೇಕು, ಮೈಕು ಕೈಕೊಟ್ಟರೂ ಮುಟ್ಟಬೇಕು. ವೀರೇಶ ಇಂಜಿನಿಯರಿಂಗ್ ಓದುವಾಗ ಗೆಳೆಯರೊಂದಿಗೆ ನಾಟಕಕ್ಕೆ ಬಂದು, ನನ್ನನ್ನು ನೋಡಿ, ಹಟ ಹಿಡಿದು ಮದುವೆಯಾದವರು. ಅವರ ಮನೆಯವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಕಂಪನಿ ನಾಟಕದಾಕಿ ಅಂತ ಯಾರ ಮುಂದೂ ಅನಬ್ಯಾಡ್ರಿ" ಎಂದು. ಹಾಗಾಗಿ ಬೀಗರಿಗೂ ನೆಂಟರಿಗೂ ನಾನು ನಾಟಕದ ಟೀಚರು. ಜರ್ಮನಿಗೆ ಬಂದ ಮೇಲೂ ಅದೇ. ಇಲ್ಲಿ ಕಾರು ಕಂಪನಿಗಳಲ್ಲಿ ದುಡಿಯುವ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಯುಗಾದಿಗೆ ಸೇರಿದಾಗ ಯಾರಾದರೂ ಕೇಳಿದರೆ ನನಗಿಂತ ಮೊದಲು ವೀರೇಶರೇ ಉತ್ತರ ಕೊಡುತ್ತಿದ್ದರು.

ಕಂಪನಿ ನಾಟಕ ನೋಡಿದವರಿಗೆ ವನ್ಸ್ ಮೋರ್ ಏನೆಂದು ಹೇಳಬೇಕಿಲ್ಲ. ನೋಡದ ಹುಡುಗರಿಗಾಗಿ ಹೇಳುತ್ತೇನೆ. ಹಾಡೋ ಮಾತೋ ಮನಸ್ಸಿಗೆ ಹಿಡಿಸಿದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ. ಆಗ ಕಥೆ ಅಲ್ಲಿಗೇ ನಿಲ್ಲಬೇಕು. ರಾಜ ಸಾಯುತ್ತಿದ್ದರೆ ಎದ್ದು ಹಾಡಿ ಮತ್ತೆ ಸಾಯಬೇಕು. ಆದರೆ ಎರಡನೆಯ ಸಲ ಮೊದಲಿನಂತೆಯೇ ಒಪ್ಪಿಸಿದರೆ ಅವ್ವ ಪರದೆಯ ಹಿಂದೆ ಕಿವಿ ಹಿಂಡುತ್ತಿದ್ದಳು. "ಮೊದಲ ಸಲ ನಗಸು. ಎರಡನೇ ಸಲ ಒಳಗ ಇಳಸು," ಎನ್ನುತ್ತಿದ್ದಳು. ನನಗೆ ನಟನೆಯ ವಿದ್ಯೆ ಎಂದು ಇರುವುದು ಇಷ್ಟೇ.

ಈ ವಿದ್ಯೆ ಹೊತ್ತು ಹ್ಯಾನೋವರಿಗೆ ಬಂದೆ. ಇಲ್ಲಿ ಮನೆ ಸಿಗುವುದು ಹೆಣ್ಣಿಗೆ ವರ ಸಿಕ್ಕಂತೆ. ಮಾಲೀಕರು ನಮ್ಮನ್ನು ಕೂರಿಸಿಕೊಂಡು ಸಂಬಳ ಕೇಳಿದರು, ಮಗು ಅಳುತ್ತದೆಯೇ ಎಂದು ಕೇಳಿದರು, ವಾಸನೆಯ ಅಡುಗೆ ಮಾಡುತ್ತೀರಾ ಎಂದೂ ಕೇಳಿದರು. ಇಲ್ಲ ಎಂದು ವೀರೇಶ ಸುಳ್ಳು ಹೇಳಿದರು. ಕೊನೆಗೆ ಮೂರನೆಯ ಮಹಡಿಯಲ್ಲಿ ಒಂದು ವೋನುಂಗ್ ಸಿಕ್ಕಿತು. ಫ್ಲ್ಯಾಟಿಗೆ ಇಲ್ಲಿ ಹಾಗೆನ್ನುತ್ತಾರೆ. ಅದರ ಜೊತೆಗೆ ರೂಹೆತ್ಸೈಟ್ ಎಂಬುದೂ ಬಂತು. ಅಂದರೆ ಸದ್ದು ಮಾಡಬಾರದ ಹೊತ್ತು. ಮಧ್ಯಾಹ್ನ ಊಟದ ನಂತರ ಒಂದಷ್ಟು ಹೊತ್ತು, ರಾತ್ರಿ ಇಡೀ, ಭಾನುವಾರವಂತೂ ದಿನವಿಡೀ. ಗದಗಿನಲ್ಲಿ ಸದ್ದಿಲ್ಲದಿದ್ದರೆ ಯಾರಿಗೆ ಏನಾಯಿತೋ ಎಂದು ಬಂದು ನೋಡುತ್ತಾರೆ. ಇಲ್ಲಿ ಸದ್ದಾದರೆ ಬರುತ್ತಾರೆ.

ಹಾಗೆಯೇ ಬಂದರು ಫ್ರೌ ಲ್ಯೂಡರ್ಸ್. ಫ್ರೌ ಅಂದರೆ ಶ್ರೀಮತಿ ಎನ್ನುವ ಹಾಗೆ. ನಮ್ಮ ಕೆಳಗಿನ ಮನೆಯ ವಯಸ್ಸಾದ ಹೆಂಗಸು, ಬೆಳ್ಳಿಯಂಥ ಕತ್ತರಿಸಿದ ಕೂದಲು, ನೇರ ಬೆನ್ನು. ಅದೊಂದು ಭಾನುವಾರ ಮಧ್ಯಾಹ್ನ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಬಡಿಯುವಾಗ ಹಳೆಯ ನಾಟಕದ ಮಾತು ಒಪ್ಪಿಸುವುದು ನನ್ನ ಅಭ್ಯಾಸ. ಅಂದು ಅತ್ತೆ ಸೊಸೆ ಜಗಳದ ಪ್ರವೇಶ ನಡೆದಿತ್ತು. ಎರಡೂ ದನಿ ನನ್ನದೇ, ಮೇಲೆ ರೊಟ್ಟಿಯ ತಾಳ. ಬಾಗಿಲು ತೆರೆದಾಗ ಅವರು ನನ್ನ ಮುಖ, ತೋಳು ಎಲ್ಲ ಪರೀಕ್ಷಿಸಿ ನೋಡಿ ಜರ್ಮನಿನಲ್ಲಿ ಏನೋ ಕೇಳಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಆಗಿನ್ನೂ ಕಿಂಡರ್‌ಗಾರ್ಟನ್ನಿಗೆ ಹೋಗುತ್ತಿದ್ದ ಮಗಳು ನಿಧಿ ನನ್ನ ಸೆರಗಿನ ಹಿಂದಿನಿಂದ ತಲೆ ಹಾಕಿ ಪಟಪಟನೆ ಉತ್ತರ ಕೊಟ್ಟಳು.

"ಏನಂತ ಕೇಳಿದ್ರು?" ಎಂದೆ.

"ಪಪ್ಪಾ ನಿನಗ ಹೊಡ್ಯಾಕತ್ತಾನೇನಂತ. ಇಲ್ಲ, ಅವ್ವ ರೊಟ್ಟಿಗೆ ಹೊಡ್ಯಾಕತ್ತಾಳ ಅಂದೆ."

ಫ್ರೌ ಲ್ಯೂಡರ್ಸ್ ನಕ್ಕುಬಿಟ್ಟರು. ನಾನೂ ನಕ್ಕೆ. ಆದರೆ ನನ್ನ ಮನೆಯಲ್ಲಿ ನನ್ನ ಮಾತನ್ನು ಇನ್ನೊಬ್ಬರು ಆಡಲು ಶುರುವಾದದ್ದೂ ಅಂದಿನಿಂದಲೇ. ಡಾಕ್ಟರರ ಹತ್ತಿರ ನಿಧಿ, ವಿಳಾಸ ನೋಂದಾಯಿಸುವ ಕಚೇರಿಯಲ್ಲಿ ನಿಧಿ, ಬೇಕರಿಯಲ್ಲಿ ನಿಧಿ. ನಾನು ಜರ್ಮನ್ ಕಲಿತೆ. ಸಂಜೆಯ ಭಾಷಾ ಶಾಲೆಗೆ ಚಳಿಯಲ್ಲಿ ಸೈಕಲ್ ತುಳಿದು ಹೋಗಿ ಕಲಿತೆ. ಪರೀಕ್ಷೆಗಳನ್ನು ಪಾಸು ಮಾಡಿದೆ. ಆದರೂ ಬೇಕರಿಯವಳಿಗೆ ನಾನು ಸರಿಯಾದ ಜರ್ಮನಿನಲ್ಲಿ ಬ್ರೆಡ್ಡು ಕೇಳಿದರೆ ಅವಳ ಕಣ್ಣು ನನ್ನನ್ನು ದಾಟಿ ಪಕ್ಕದ ನಿಧಿಯ ಮೇಲೆ ಹೋಗಿ ಕೂರುತ್ತಿತ್ತು. ನಿಧಿಯೂ ದೊಡ್ಡವಳಾಗುತ್ತ ಬಂದಂತೆ ನಾನು ಬಾಯಿ ತೆರೆಯುವ ಮೊದಲೇ ಮುಂದೆ ಬಂದು ಮಾತಾಡತೊಡಗಿದಳು. ಮೊದಲು "ನಾ ಹೇಳ್ತೀನಿ ತಡಿ ಅವ್ವಾ" ಎನ್ನುತ್ತಿದ್ದವಳು ಬರಬರುತ್ತ "ಲಾಸ್ ಮಿಶ್" ಎನ್ನತೊಡಗಿದಳು. ನನಗೆ ಬಿಡು ಎಂದರ್ಥ. ಶಾಲೆಯ ಪಾಲಕರ ಸಭೆಯಲ್ಲಿ ನಾನು ಕೈಯೆತ್ತಿ ಒಂದು ಪ್ರಶ್ನೆ ಕೇಳಿದ ದಿನ ದಾರಿಯುದ್ದಕ್ಕೂ ಅವಳು ಮುಖ ಕೊಡಲಿಲ್ಲ. ನನ್ನ ಮಗಳಿಗೆ ನನ್ನ ದನಿಯಿಂದ ನಾಚಿಕೆಯಾಗುತ್ತಿತ್ತು.

ಫ್ರೌ ಲ್ಯೂಡರ್ಸ್ ನಿವೃತ್ತ ಇಂಗ್ಲಿಷ್ ಶಿಕ್ಷಕಿ. ಅವರಿಗಿರುವ ಒಂದೇ ಹುಚ್ಚು ಎಂದರೆ ಬ್ರಿಟಿಷ್ ಟಿವಿಯ ನಗೆ ಧಾರಾವಾಹಿಗಳು, ಅದೂ ಮೂಲ ಇಂಗ್ಲಿಷಿನಲ್ಲೇ. ಡಬ್ ಮಾಡಿದ್ದನ್ನು ನೋಡುವುದೆಂದರೆ ಬೇರೆಯವರ ಹಲ್ಲಿನ ಸೆಟ್ಟು ಹಾಕಿಕೊಂಡು ಊಟ ಮಾಡಿದಂತೆ ಎಂದು ಅವರು ಹೇಳಿದಾಗ ನನಗೆ ಎದ್ದು ಅಪ್ಪಿಕೊಳ್ಳಬೇಕೆನಿಸಿತು. ಗುರುವಾರ ಮಧ್ಯಾಹ್ನ ನಾನು ಶೇಂಗಾ ಹೋಳಿಗೆಯನ್ನೋ ಚುರುಮುರಿಯನ್ನೋ ಕಟ್ಟಿಕೊಂಡು ಕೆಳಗಿಳಿಯುತ್ತಿದ್ದೆ. ಅವರು ಡಿವಿಡಿ ಹಾಕುತ್ತಿದ್ದರು. ತಿಳಿಯದಿದ್ದರೆ ನಿಲ್ಲಿಸಿ ಹೇಳುತ್ತಿದ್ದರು.

ಮೊದಮೊದಲು ನನಗೆ ಅದು ನಟನೆಯೆಂದೇ ಅನಿಸಲಿಲ್ಲ. ಯಾರೂ ಕೈ ಎತ್ತುವುದಿಲ್ಲ, ಕಣ್ಣರಳಿಸುವುದಿಲ್ಲ. ನಮ್ಮಲ್ಲಿ ನಗೆಯ ಪ್ರವೇಶ ಬೇರೆ, ಅಳುವ ಪ್ರವೇಶ ಬೇರೆ. ನಡುವೆ ಪರದೆ ಬೀಳುತ್ತದೆ, ಪೇಟಿಯ ರಾಗ ಬದಲಾಗುತ್ತದೆ, ಜನ ಕಣ್ಣೊರೆಸಿಕೊಳ್ಳಲು ಪುರುಸೊತ್ತಿರುತ್ತದೆ. ಇವರದು ಹಾಗಲ್ಲ. ಒಂದು ಕಥೆಯಲ್ಲಿ ಬೋರ್ಡಿಂಗ್ ಮನೆ ನಡೆಸುವ ಹೆಂಗಸಿಗೆ ತಂಗಿ ತೀರಿಕೊಂಡ ಸುದ್ದಿ ಬರುತ್ತದೆ. ಅವಳು ಚಹಕ್ಕೆ ಸಕ್ಕರೆ ಹಾಕಿ ಕದಡುತ್ತಾಳೆ. ಕದಡುತ್ತಲೇ ಇರುತ್ತಾಳೆ. ಎದುರು ಕುಳಿತ ಬಾಡಿಗೆಯವನು ಬಹಳ ಹೊತ್ತು ನೋಡಿ, ಮೇಡಂ, ಅದು ನನ್ನ ಚಹ ಎನ್ನುತ್ತಾನೆ. ನಾನು ಗೊಳ್ಳನೆ ನಕ್ಕೆ. ನಗುವಾಗಲೇ ಕಣ್ಣಲ್ಲಿ ನೀರು ಬಂತು. ಪರದೆ ಬೀಳದೆ, ರಾಗ ಬದಲಾಗದೆ, ಒಂದೇ ಕಪ್ಪಿನಲ್ಲಿ ಎರಡನ್ನೂ ಕುಡಿಸಿದ್ದಳು ಆ ನಟಿ. ಕಂಪನಿಯಲ್ಲಿ ನಾವು ಇದನ್ನು ಮಾಡುತ್ತಿದ್ದೆವಲ್ಲ, ಆದರೆ ಎರಡು ಸಲ ಹೇಳಿ ಮಾಡುತ್ತಿದ್ದೆವು ಎಂದು ಹೊಳೆದು ಮೈ ಬೆಚ್ಚಗಾಯಿತು. ಅವರ ಕಲೆ ದೊಡ್ಡದು, ನಮ್ಮದು ಸಣ್ಣದು ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಇಲ್ಲ.

ಹೀಗಿರುವಾಗ ಭಾಷಾ ಶಾಲೆಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಬ್ರಿಟಿಷ್ ನಗೆ ಧಾರಾವಾಹಿಯೊಂದರ ಚಿತ್ರೀಕರಣ ಹ್ಯಾನೋವರಿನಲ್ಲಿ ನಡೆಯಲಿದೆ, ಭಾರತೀಯ ಮೂಲದ ನಡುವಯಸ್ಸಿನ ಹೆಂಗಸು ಬೇಕು, ಸಣ್ಣ ಮಾತಿನ ಪಾತ್ರ. ನಾನು ಮನೆಯಲ್ಲಿ ಯಾರಿಗೂ ಹೇಳದೆ ಹೋದೆ, ಆಯ್ಕೆಯಾದ ಮೇಲೆ ಹೇಳಿದೆ.

ವೀರೇಶ ಆಗಷ್ಟೇ ತಮ್ಮ ಕಾರು ಕಾರ್ಖಾನೆಯಿರುವ ವೋಲ್ಫ್ಸ್‌ಬುರ್ಗಿನ ರೈಲಿನಿಂದಿಳಿದು ಬಂದು ಬೂಟು ಬಿಚ್ಚುತ್ತಿದ್ದರು. ಒಂದು ಬೂಟು ಕೈಯಲ್ಲೇ ಹಿಡಿದು, "ಊರಾಗ ನೋಡಿದ್ರ?" ಎಂದರು.

"ನೋಡ್ಲಿ ಅಂತನ ಮಾಡೂದ್ರಿ," ಎಂದೆ.

ಕಥೆ ಹೀಗೆ. ಇಂಗ್ಲೆಂಡಿನ ಒಬ್ಬ ಹೆಂಗಸಿನ ಗಂಡ ಜರ್ಮನಿಯಲ್ಲಿ ಕೆಲಸದಲ್ಲಿದ್ದು ಸತ್ತಿರುತ್ತಾನೆ. ಅವಳು ಅವನ ಸಾಮಾನು ಕಟ್ಟಲು ಅವನ ವೋನುಂಗಿಗೆ ಬರುತ್ತಾಳೆ. ಮೇಲಿನ ಮನೆಯ ಭಾರತೀಯ ಹೆಂಗಸು, ಅಂದರೆ ನಾನು, ಊಟ ತಂದುಕೊಡಬೇಕು. ಆ ಇಂಗ್ಲಿಷ್ ಹೆಂಗಸಿನ ಪಾತ್ರಕ್ಕೆ ಬಂದವಳು ಯಾರೆಂದು ನೋಡಿದರೆ, ಚಹ ಕದಡಿದ ಆ ನಟಿಯೇ. ಹೆಸರು ಬರೆಯುವಂತಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ. ಹತ್ತಿರದಿಂದ ಕಂಡಾಗ ಸಣ್ಣ ಜೀವ, ನೆಗಡಿಯಾಗಿತ್ತು, ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಹೀಟರಿನ ಪಕ್ಕ ಕುಳಿತಿದ್ದಳು.

ನನಗೆ ಕೊಟ್ಟ ಮಾತು ಓದಿದೆ. ಹರಕು ಮುರುಕು ಇಂಗ್ಲಿಷಿನಲ್ಲಿ, ಬಹಳ ಖಾರ ಮೇಡಂ, ತಿಂದರೆ ಇನ್ನೂ ಅಳ್ತೀರಿ, ಹಹಹ ಎನ್ನಬೇಕಂತೆ. ಎನ್ನುವಾಗ ತಲೆ ಅಲ್ಲಾಡಿಸಬೇಕಂತೆ. ಪಾತ್ರೆಯಲ್ಲಿ ಕುಂಕುಮದಂತೆ ಕೆಂಪಗಿರುವ ಸಾರು. ಸಾರಿಗೆ ನಾನು ಜಗಳ ತೆಗೆಯಲಿಲ್ಲ. ಎಲ್ಲದಕ್ಕೂ ಜಗಳ ತೆಗೆದರೆ ಬೇಕಾದಾಗ ಗಂಟಲು ಇರುವುದಿಲ್ಲ. ತಾಲೀಮಿನಲ್ಲಿ ನಾನು ಆ ಮಾತನ್ನು ನೆಟ್ಟಗೆ ಹೇಳಿದೆ. ಸಹಾಯಕ ಹುಡುಗಿ ಬಹಳ ಸಭ್ಯವಾಗಿ, ಇನ್ನೂ ಸ್ವಲ್ಪ ಭಾರತೀಯವಾಗಿ ಹೇಳಬಹುದೇ ಎಂದಳು.

"ಹುಟ್ಟಿದಾಗಿನಿಂದ ಭಾರತೀಯಳು," ಎಂದೆ ಇಂಗ್ಲಿಷಿನಲ್ಲಿ. "ಈವರೆಗೆ ಯಾರೂ ಕಡಿಮೆ ಬಿತ್ತು ಅಂದಿಲ್ಲ."

ಹೀಟರಿನ ಪಕ್ಕದಿಂದ ಕೆಮ್ಮಿನಂಥ ನಗು ಕೇಳಿಸಿತು. ನನಗೆ ಧೈರ್ಯ ಬಂತೆನ್ನಲಾರೆ, ಧೈರ್ಯ ಮೊದಲೇ ಇತ್ತು. ನಿರ್ದೇಶಕನ ಎದುರು ಹೋಗಿ ನಿಂತು, ಗಂಡ ಸತ್ತವಳ ಮುಂದೆ ನಮ್ಮ ಕಡೆಯ ಯಾವ ಹೆಂಗಸೂ ಈ ಮಾತು ಆಡುವುದಿಲ್ಲ, ನಾನೂ ಆಡುವುದಿಲ್ಲ, ಬೇಕಾದರೆ ಅವಳು ಏನನ್ನುತ್ತಾಳೆಂದು ಹೇಳುತ್ತೇನೆ ಎಂದೆ. ನನ್ನನ್ನು ಮನೆಗೆ ಕಳಿಸುತ್ತಾನೆಂದೇ ತಿಳಿದಿದ್ದೆ. ಕಿಟಕಿಯ ಬೆಳಕು ಹೋಗುತ್ತಿತ್ತು, ಅವನಿಗೆ ಅವಸರವಿತ್ತು. ಸರಿ, ಹೇಳಿ ನೋಡೋಣ ಎಂದ.

ನಾನು ಹೇಳಿದ್ದು ಅವ್ವನ ಮಾತು. ಹುಬ್ಬಳ್ಳಿಯ ಕ್ಯಾಂಪಿನಲ್ಲಿ ಅಪ್ಪ ತೀರಿಕೊಂಡಾಗ ನಾನು ಕಂಪನಿಯ ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕುಳಿತಿದ್ದೆ. ಅವ್ವ ತಾಟಿನಲ್ಲಿ ರೊಟ್ಟಿ ತಂದಿಟ್ಟು, "ಉಣ್ಣು. ಅಳಾಕ ಶಕ್ತಿ ಬೇಕು," ಎಂದಳು. ದಿನಕರ್ಮ ಮುಗಿಯುತ್ತಲೇ ಅವಳು ಬಣ್ಣ ಹಚ್ಚಿಕೊಂಡು ನಗೆಯ ಪ್ರವೇಶಕ್ಕೆ ಹೋದಳು. ಅದನ್ನೇ ನಾನು ಇಂಗ್ಲಿಷಿಗೆ ಇಳಿಸಿದೆ. "ಈಟ್. ಕ್ರೈಯಿಂಗ್ ನೀಡ್ಸ್ ಸ್ಟ್ರೆಂತ್."

ಕ್ಯಾಮೆರಾ ಓಡಿತು. ನಾನು ಬಾಗಿಲು ತಟ್ಟಿದೆ. ಆ ನಟಿ ಗಂಡನ ಕೋಟಿನ ತೋಳಿನಲ್ಲಿ ಒಂದು ಕೈ ತೂರಿಸಿಕೊಂಡು, ಹೊರತೆಗೆಯಲಾಗದೆ ಹಾಗೆಯೇ ಬಾಗಿಲು ತೆರೆದಳು. ನಾನು ಪಾತ್ರೆ ಇಟ್ಟೆ, ಕೋಟು ನೋಡಿದೆ, ಅವಳನ್ನು ನೋಡಿದೆ, ಮಾತು ಹೇಳಿದೆ. ಏನಾಯಿತೋ, ಕ್ಯಾಮೆರಾದ ಹಿಂದೆ ಒಬ್ಬ ಫಕ್ಕನೆ ನಕ್ಕ. ಅವನ ಹಿಂದೆ ಇನ್ನಿಬ್ಬರು. ಚಿತ್ರೀಕರಣ ನಡೆಯುವಾಗ ಯಾರೂ ಉಸಿರೂ ಬಿಡಬಾರದು ಎಂಬುದು ಅವರ ನಿಯಮ. ಜನ ನಕ್ಕರೆ ಮಾತು ನಿಲ್ಲಿಸಬೇಕು ಎಂಬುದು ನನ್ನದು. ನಾನು ನಿಂತೆ. ನಗು ಇಳಿಯಲಿ ಎಂದು ಕಾದೆ. ಇಷ್ಟು ವರ್ಷಗಳ ಮೇಲೆ ಒಬ್ಬರು ನನ್ನ ಮಾತಿಗೆ ನಕ್ಕಿದ್ದರು, ಕಾಲು ತಾನಾಗಿಯೇ ತಗಡಿನ ಥಿಯೇಟರಿನ ಹಲಗೆಯ ಮೇಲೆ ನಿಂತುಬಿಟ್ಟಿತ್ತು. ಆಮೇಲೆ ಅವಳ ಹತ್ತಿರ ಹೋಗಿ, ಸಿಕ್ಕಿಕೊಂಡ ತೋಳನ್ನು ಬಿಡಿಸುತ್ತ, ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಈ ಸಲ ಅಪ್ಪ ನೆನಪಾದ.

ಆ ನಟಿ ಏನೂ ಮಾಡಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

ಕಟ್ ಎಂದು ನಿರ್ದೇಶಕ ಎದ್ದು ಬಂದ. ಎರಡು ಸಲ ಯಾಕೆ ಹೇಳಿದಿರಿ ಎಂದು ಕೇಳಿದ.

"ನೀವು ನಕ್ಕಿರಿ," ಎಂದೆ.

"ನಕ್ಕರೆ?"

"ನಮ್ಮಲ್ಲಿ ನಕ್ಕರೆ ಇನ್ನೊಮ್ಮೆ ಹೇಳಬೇಕು."

ಅವನು ಹಣೆ ಒತ್ತಿಕೊಂಡ. ಸದ್ದು ಹಿಡಿಯುವವನು ತನ್ನ ನಗುವೇ ಧ್ವನಿಮುದ್ರಣದಲ್ಲಿ ಬಿದ್ದಿದೆಯೆಂದು ತಲೆ ತಗ್ಗಿಸಿಕೊಂಡಿದ್ದ. ಮತ್ತೆ ಮತ್ತೆ ಚಿತ್ರೀಕರಿಸಿದರು, ಆಗೆಲ್ಲ ನಾನು ಒಂದೇ ಸಲ ಹೇಳಿದೆ. ಯಾವುದನ್ನು ಇಟ್ಟುಕೊಳ್ಳುತ್ತಾರೆಂದು ಯಾರೂ ಹೇಳಲಿಲ್ಲ. ಹೊರಡುವಾಗ ಆ ನಟಿ ಕೈ ಹಿಡಿದು, ಎರಡನೆಯ ಸಲ ನೀನೇನು ಮಾಡಿದೆ ಎಂದು ಕೇಳಿದಳು. ಒಳಗೆ ಇಳಿಸಿದೆ ಎಂಬುದಕ್ಕೆ ನನಗೆ ಇಂಗ್ಲಿಷ್ ಸಿಗಲಿಲ್ಲ. ಎದೆ ಮುಟ್ಟಿ ತೋರಿಸಿದೆ. ಅವಳು ತಲೆಯಾಡಿಸಿದಳು, ನಮ್ಮವರ ಹಾಗೆಯೇ.

ಇಂಗ್ಲೆಂಡಿನಲ್ಲಿ ಅದು ಪ್ರಸಾರವಾದಾಗ ಫ್ರೌ ಲ್ಯೂಡರ್ಸ್ ಹೇಗೋ ತರಿಸಿಕೊಂಡು ಹಾಕಿದರು. ಎರಡು ಸಲವೂ ಇತ್ತು. ನಗುವನ್ನು ಅಳಿಸಿ, ನಡುವಿನ ಮೌನವನ್ನು ಹಾಗೆಯೇ ಬಿಟ್ಟಿದ್ದರು. ಫ್ರೌ ಲ್ಯೂಡರ್ಸ್ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಹಾಕಲೇ ಎಂದರು. ಸಂತೋಷಕ್ಕೆ ಅಂದು ನಾನು ಕೇಸರಿಬಾತ್ ಮಾಡಿ ಕಟ್ಟಡದ ಎಲ್ಲ ಮನೆಗಳಿಗೂ ಕೊಟ್ಟೆ. ಕಾರಣ ತಿಳಿಯದೆ ಅವರು ಕಕ್ಕಾಬಿಕ್ಕಿಯಾದರು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಜರ್ಮನ್ ವಾಹಿನಿಯೊಂದು ಆ ಧಾರಾವಾಹಿಯನ್ನು ಕೊಂಡುಕೊಂಡಿತು. ನನ್ನನ್ನು ಕೆಲಸಕ್ಕೆ ಹಚ್ಚಿದ ಏಜೆನ್ಸಿಯ ಹೆಂಗಸು ಫೋನಿನಲ್ಲಿ ಶುಭಾಶಯ ಹೇಳಿ, ಹ್ಯಾಂಬರ್ಗಿನಲ್ಲಿ ಡಬ್ಬಿಂಗ್ ನಡೆಯುತ್ತದೆ ಎಂದಳು. ನನ್ನ ಪಾತ್ರಕ್ಕೆ ಯಾರು ದನಿ ಕೊಡುತ್ತಾರೆ ಎಂದು ಕೇಳಿದೆ. ಅಂಥ ಸಣ್ಣ ಪಾತ್ರಗಳಿಗೆ ಅಲ್ಲಿಯೇ ಯಾರಾದರೂ ಇರುತ್ತಾರೆ, ವಿದೇಶಿ ಉಚ್ಚಾರ ಮಾಡಬಲ್ಲವರು ಎಂದಳು. ನನಗೆ ಮೊದಲ ಸಂಜೆಯ ಆ ಮುದುಕಿ ಕಣ್ಣ ಮುಂದೆ ಬಂದಳು. ನಾನಿರುವ ದೇಶದಲ್ಲಿ, ನಾನು ಕಲಿತ ಭಾಷೆಯಲ್ಲಿ, ಜೀವಂತ ಇರುವ ನನ್ನ ಬಾಯಿಗೆ ಯಾವಳೋ ಒಬ್ಬಳು ನನ್ನ ಹಾಗೆ ಅಣಕಿಸಿ ಮಾತು ತುಂಬುತ್ತಾಳೆ. ಅದನ್ನು ಬೇಕರಿಯವಳು ನೋಡುತ್ತಾಳೆ. ನನ್ನ ಮಗಳು ನೋಡುತ್ತಾಳೆ.

ನಾನು ಸ್ಟುಡಿಯೋಗೆ ಫೋನ್ ಮಾಡಿದೆ. ಫೋನೆತ್ತಿದವನು, ನೀವು ದನಿ ಕಲಾವಿದೆಯೇ ಎಂದ. ಅಲ್ಲ, ಆ ಬಾಯಿ ನನ್ನದು ಎಂದೆ. ಅವನು ಬೇರೊಬ್ಬರಿಗೆ ಕೊಟ್ಟ, ಅವರು ಇನ್ನೊಬ್ಬರಿಗೆ ಕೊಟ್ಟರು. ನಾನು ಪ್ರತಿಯೊಬ್ಬರಿಗೂ ಅದನ್ನೇ ಹೇಳಿದೆ. ಒಂದೆರಡು ವಾರ ಬೇಸರಿಕೆಯಿಲ್ಲದೆ ಪೀಡಿಸಿದ ಮೇಲೆ, ಒಮ್ಮೆ ಬನ್ನಿ, ಪ್ರಯತ್ನಿಸಿ ನೋಡೋಣ, ಸರಿಯಾಗದಿದ್ದರೆ ನಮ್ಮವರೇ ಮಾಡುತ್ತಾರೆ ಎಂದರು.

"ನಾಕ ಮಾತಿಗೆ ಹ್ಯಾಂಬರ್ಗ್ ತನಕ ಯಾಕ ಹೊಕ್ಕೀ?" ಎಂದರು ವೀರೇಶ. "ಅವರು ಮಾಡ್ಕೋತಾರ ಬಿಡು."

ನಿಧಿ ಫೋನಿನಿಂದ ತಲೆಯೆತ್ತಿ ಜರ್ಮನಿನಲ್ಲಿ ಹೇಳಿದಳು. ತನ್ನ ಕ್ಲಾಸಿನವರೆಲ್ಲ ಆ ವಾಹಿನಿ ನೋಡುತ್ತಾರಂತೆ, ನನ್ನ ಜರ್ಮನ್ ಕೇಳುತ್ತಾರಂತೆ, ಪೈನ್‌ಲಿಶ್ ಆಗುತ್ತದಂತೆ. ಪೈನ್‌ಲಿಶ್ ಅಂದರೆ ಮುಜುಗರ. ನನಗೆ ಆ ಶಬ್ದ ಯಾವ ಭಾಷಾ ಶಾಲೆಯವರೂ ಕಲಿಸಲಿಲ್ಲ, ಮಗಳಿಂದಲೇ ಕಲಿತದ್ದು.

"ನಾಚಿಕಿ ಆದ್ರ ಕಿವಿ ಮುಚ್ಚಿಕೋ," ಎಂದೆ. "ಬಾಯಿ ನಂದು."

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ನಾನು ಒಬ್ಬಳೇ ಹ್ಯಾಂಬರ್ಗಿನ ರೈಲು ಹತ್ತಿದೆ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ಕಿಟಕಿಯಾಚೆ ಚಪ್ಪಟೆ ಹೊಲಗಳು ಓಡುತ್ತಿದ್ದವು. ನಾನು ತುಟಿಯಲ್ಲೇ ಮಾತು ತಿರುಗಿಸುತ್ತ ಹೋದೆ. ಎದುರಿನವನು ಜಪ ಮಾಡುತ್ತಿದ್ದಾಳೆಂದುಕೊಂಡಿರಬೇಕು.

ಸ್ಟುಡಿಯೋ ಅಂದರೆ ಒಂದು ಸಣ್ಣ ಕತ್ತಲ ಕೋಣೆ. ಮೊದಲು ಬಳೆ ತೆಗೆಸಿದರು, ಮೈಕಿಗೆ ಕೇಳುತ್ತದೆ ಎಂದು. ಕಿವಿಗೆ ಹೆಡ್‌ಫೋನು ಹಾಕಿದರು. ಎದುರಿನ ಪರದೆಯ ಮೇಲೆ ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಅದು ಇಂಗ್ಲಿಷಿನಲ್ಲಿ ತುಟಿ ಆಡಿಸುತ್ತದೆ, ಆ ತುಟಿಗೆ ಸರಿಯಾಗಿ ನಾನು ಜರ್ಮನ್ ಕೂರಿಸಬೇಕು. ಬೇರೆಯವರನ್ನು ಅನುಕರಿಸುವುದು ಸುಲಭ. ನನ್ನನ್ನೇ ಅನುಕರಿಸಲು ಬೆವರಿಳಿಯಿತು. ಒಮ್ಮೆ ತುಟಿಗಿಂತ ಮೊದಲು ಬಂದೆ, ಒಮ್ಮೆ ಆಮೇಲೆ ಬಂದೆ, ಒಮ್ಮೆ ಕಂಪನಿಯ ಗಂಟಲು ಬಿಚ್ಚಿ ಯಂತ್ರದ ಮುಳ್ಳನ್ನು ಕೆಂಪು ಗೆರೆ ದಾಟಿಸಿದೆ. ಡಬ್ಬಿಂಗ್ ಮಾಡಿಸುತ್ತಿದ್ದಾಕೆ ತಾಳ್ಮೆಯವಳು. ಪಕ್ಕದ ಬೆಂಚಿನ ಮೇಲೆ ಕಾಯಂ ದನಿ ಕಲಾವಿದೆಯೊಬ್ಬಳು ಕಾಫಿ ಕುಡಿಯುತ್ತ ಕಾದಿದ್ದಳು. ನಾನು ಸೋತರೆ ಅವಳೇ ನಾನು.

"ಇನ್ನೂ ಸ್ವಲ್ಪ ಭಾರತೀಯವಾಗಿ," ಎಂದಳು ಡಬ್ಬಿಂಗಿನಾಕೆ. ಇಂಗ್ಲಿಷರೂ ಅದೇ ಕೇಳಿದ್ದರು, ಜರ್ಮನ್ನರೂ ಅದೇ. ಈ ಒಂದು ವಿಷಯದಲ್ಲಿ ಎರಡೂ ದೇಶಗಳಿಗೆ ಒಮ್ಮತವಿದೆ.

ನನ್ನಲ್ಲಿ ಇರುವುದು ಇದೇ ಉಚ್ಚಾರ, ಇದನ್ನು ನಿಮ್ಮ ಊರಲ್ಲೇ ಸೈಕಲ್ ತುಳಿದು ಸಂಪಾದಿಸಿದ್ದೇನೆ, ಇನ್ನೊಂದು ಮಾಡಿ ತೋರಿಸುವುದಿಲ್ಲ ಎಂದು ಜರ್ಮನಿನಲ್ಲೇ ಹೇಳಿದೆ. ವ್ಯಾಕರಣ ಒಂದೆರಡು ಕಡೆ ಮುಗ್ಗರಿಸಿರಬೇಕು. ಅರ್ಥವಂತೂ ಆಯಿತು. ಕಾಫಿ ಕುಡಿಯುತ್ತಿದ್ದ ದನಿ ಕಲಾವಿದೆ ಕಪ್ಪು ಕೆಳಗಿಟ್ಟು, ಅವರು ಹೇಳುವುದು ಸರಿ ಎಂದಳು. ಅವಳ ಕೆಲಸ ಅದು, ಆದರೂ ಅಂದಳು. ನಾನು ಕಣ್ಣು ಮುಚ್ಚಿ ಅವ್ವನ ತಾಟು ನೆನೆದು, ಕಣ್ಣು ತೆರೆದು ಹೇಳಿದೆ. "ಇಸ್. ವೈನೆನ್ ಕೋಸ್ಟೆಟ್ ಕ್ರಾಫ್ಟ್." ಉಣ್ಣು, ಅಳುವುದಕ್ಕೆ ಶಕ್ತಿ ಹಿಡಿಯುತ್ತದೆ. ತುಟಿಗೆ ಮಾತು ಕೂತಿತು. ಎರಡನೆಯದನ್ನು ಒಂದೇ ಸಲಕ್ಕೆ ಮುಗಿಸಿದೆ.

ಭಾನುವಾರ ಮಧ್ಯಾಹ್ನ ಪ್ರಸಾರವಾಯಿತು, ಸರಿಯಾಗಿ ಸದ್ದು ಮಾಡಬಾರದ ಹೊತ್ತಿನಲ್ಲಿ. ಫ್ರೌ ಲ್ಯೂಡರ್ಸ್ ಮೇಲೆ ಬಂದಿದ್ದರು. ಡಬ್ ಮಾಡಿದ್ದನ್ನು ಅವರು ನೋಡಲು ಕುಳಿತದ್ದು ಅದೇ ಮೊದಲು. ಗದಗಿನಲ್ಲಿ ಅವ್ವ, ತನ್ನ ಹಾಗೆಯೇ ಬಣ್ಣ ಒರೆಸಿಕೊಂಡು ಮನೆ ಸೇರಿದ ಗೆಳತಿಯೊಡನೆ ಕುಳಿತು ವಿಡಿಯೋ ಕಾಲಿನಲ್ಲಿದ್ದಳು. ಫೋನನ್ನು ಟಿವಿಗೆ ಎದುರಾಗಿ ಒರಗಿಸಿಟ್ಟಿದ್ದೆ. ನಿಧಿ ಸೋಫಾದ ತುದಿಯಲ್ಲಿ ಮೊಣಕಾಲಿಗೆ ಗದ್ದ ಊರಿ ಕುಳಿತಿದ್ದಳು. ಕಿವಿ ಮುಚ್ಚಿಕೊಂಡಿರಲಿಲ್ಲ.

ಪರದೆಯ ಮೇಲೆ ನಾನು ಬಾಗಿಲು ತಟ್ಟಿದೆ, ಆ ನಟಿ ತೆರೆದಳು.

"ದನಿ ಹೆಚ್ಚಿಸಿ," ಎಂದರು ಫ್ರೌ ಲ್ಯೂಡರ್ಸ್. ನನ್ನ ರೊಟ್ಟಿಯ ಸದ್ದಿಗೆ ಮೆಟ್ಟಿಲು ಹತ್ತಿ ಬಂದವರು.

ಆ ಕೋಣೆಯ ತುಂಬ ನನ್ನ ದನಿ ಜರ್ಮನಿನಲ್ಲಿ ತುಂಬಿಕೊಂಡಿತು. ಒಮ್ಮೆ. ಆಮೇಲೆ ಆ ಮೌನ. ಆಮೇಲೆ ಇನ್ನೊಮ್ಮೆ. ನಿಧಿ ನನ್ನ ಕಡೆ ತಿರುಗಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು, ಅವಳ ತುಟಿ ಪರದೆಯೊಡನೆ ಸಣ್ಣಗೆ ಆಡಿದ್ದನ್ನು ನಾನು ಕಂಡೆ. ವೀರೇಶ ಆ ತುಣುಕನ್ನು ಫೋನಿನಲ್ಲಿ ಹಿಡಿದುಕೊಂಡು ತಮ್ಮ ಮನೆಯವರ, ನೆಂಟರ ಗುಂಪಿಗೆ ಹಾಕಲು ಕುಳಿತರು. ಮೇಲೆ ಏನು ಬರೆಯಲಿ ಎಂದು ನನ್ನ ಮುಖ ನೋಡಿದರು.

"ಇದ್ದದ್ದು ಬರೀರಿ," ಎಂದೆ.

ಅವರ ಹೆಬ್ಬೆರಳು ಸ್ವಲ್ಪ ಹೊತ್ತು ಗಾಜಿನ ಮೇಲೆ ತೂಗಾಡಿತು. ಆಮೇಲೆ ನನ್ನ ಹೆಂಡತಿ, ಕಂಪನಿ ನಾಟಕದಾಕಿ ಎಂದು ಬರೆದು ಕಳಿಸಿಬಿಟ್ಟರು. ಅತ್ತ ಕಡೆಯಿಂದ ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೂ ನಡೆಯುತ್ತದೆ.

"ಏನಂದೀಬೇ ಅದು?" ಎಂದಳು ಅವ್ವ ಗದಗಿನಿಂದ. "ಒಂದೂ ತಿಳೀಲಿಲ್ಲ ನನಗ. ಆದ್ರ ಎರಡು ಸಲ ಅಂದಿ. ಎರಡನೇದು ಒಳಗ ಇಳೀತು."

ನಾನು ಫೋನನ್ನು ನನ್ನ ಕಡೆ ತಿರುಗಿಸಿಟ್ಟೆ.

"ವನ್ಸ್ ಮೋರ್," ಎಂದಳು ಅವ್ವ. ಪಕ್ಕದ ಗೆಳತಿಯೂ ಚಪ್ಪಾಳೆ ತಟ್ಟಿ, "ವನ್ಸ್ ಮೋರ್ ತಂಗೀ," ಎಂದಳು.

ವನ್ಸ್ ಮೋರ್ ಎಂದರೆ ಹೇಳಲೇಬೇಕು, ಬಿಡುವಂತಿಲ್ಲ. ಎದ್ದು ಫೋನಿನ ಎದುರು ನಿಂತೆ. ಅವ್ವನ ಮಾತು ಅವ್ವನಿಗೇ ತಿರುಗಿ ಕೊಡುವುದು, ಅದಕ್ಕೇನು ತಾಲೀಮು ಬೇಕೇ. ಬಾಯಿ ತೆರೆದೆ. ಬಂದದ್ದು ಜರ್ಮನ್. ಅಷ್ಟು ದಿನ ತುಟಿಗೆ ಕೂರಿಸಿ ಕೂರಿಸಿ ಅದೇ ಮುಂದೆ ಬಂದು ನಿಂತಿತ್ತು, ಕನ್ನಡ ಎಲ್ಲೋ ಹಿಂದಿನ ಸಾಲಿನಲ್ಲಿ ಉಳಿದಿತ್ತು. ಪರದೆಯ ಮೇಲೆ ಅವ್ವನ ಮುಖ ನನ್ನ ತುಟಿಯನ್ನೇ ನೋಡುತ್ತಿತ್ತು, ಏನೂ ತಿಳಿಯದೆ. ನಾನು ಅಲ್ಲೇ ನಿಂತೆ, ಆ ಮೊದಲ ಸಂಜೆಯ ಮುದುಕಿಯ ಹಾಗೆ.

ಆಗ ನಿಧಿ ಎದ್ದು ಬಂದು ನನ್ನ ಪಕ್ಕದಲ್ಲಿ ತಲೆ ತೂರಿಸಿದಳು. ಲಾಸ್ ಮಿಶ್ ಎನ್ನಲಿಲ್ಲ.

"ಉಣ್ಣು ಅಂದ್ಲು ಅಜ್ಜೀ," ಎಂದಳು. "ಅಳಾಕ ಶಕ್ತಿ ಬೇಕು ಅಂತ."

ಅವಳ ಕನ್ನಡ ಜರ್ಮನ್ ಉಚ್ಚಾರದಲ್ಲಿತ್ತು. ನಾನು ತಿದ್ದಲಿಲ್ಲ.